ಅಪ್ಪಣೆ ಇಲ್ಲದ ಪಾದ

ನಿಡುಗಲ್
29 ಜನವರಿ 2024

ಯಶಸ್ವಿನಿಗೆ ಅಪ್ಪನ ಆಶೀರ್ವಾದ.

ಜೇಬಲ್ಲಿ ಫೋನ್ ಇಟ್ಟುಕೊಂಡು ಈ ಮುದುಕ ಕಾಗದ ಯಾಕೆ ಬರೆಯುತ್ತಾನೆ ಅಂದುಕೊಳ್ಳಬೇಡ. ಮೊನ್ನೆ ಫೋನಿನಲ್ಲಿ ನಾವಿಬ್ಬರೂ ಆಡಿದ್ದು ಮಾತಲ್ಲ, ಜಗಳ. ಕಾಗದದಲ್ಲಾದರೆ ನಾನು ಮುಗಿಸುವ ತನಕ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ. ನನಗೂ ಕೂಗಾಡಲು ಆಗುವುದಿಲ್ಲ.

ನಿಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ನೀನು ಮಕ್ಕಳಿಂದ ಆಡಿಸಿದ ನಾಟಕ ಇಲ್ಲಿ ಎಲ್ಲರ ಮೊಬೈಲಿಗೂ ಬಂದಿದೆ. ನಾನೂ ನೋಡಿದೆ. ಯಾವುದೋ ದೇಶದ ರಾಜ ಹಿಮದಲ್ಲಿ ಬರಿಗಾಲಲ್ಲಿ ನಿಂತು ಕ್ಷಮೆ ಬೇಡುತ್ತಿದ್ದಾನೆ. ಅವರ ಮತದ ಗುರು ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದಾನೆ. ಜನ ಬಿದ್ದು ಬಿದ್ದು ನಗುತ್ತಿದ್ದಾರೆ. ಅಷ್ಟೇ ಆಗಿದ್ದರೆ ಯಾರಿಗೇನು? ಆದರೆ ಆ ಗುರುವಿನ ವೇಷದ ಹುಡುಗಿ ಹೊದ್ದಿರುವುದು ನಮ್ಮ ಅವ್ವನ ಶಾಲು. ಅಂಚಿನಲ್ಲಿ ನಂದಿ ನೇಯ್ದ ಹೆಬ್ಬಂಡೆ ಮಠದ ಕಾವಿ ಶಾಲು, ಹಿಂದಿನ ಸ್ವಾಮಿಗಳು ತಮ್ಮ ಕೈಯಾರೆ ಹೊದಿಸಿದ್ದು. ಸಂಕ್ರಾಂತಿಗೆ ಬಂದಾಗ ನೀನು ಅದನ್ನು ಕೇಳಿ ತೆಗೆದುಕೊಂಡು ಹೋದೆ. ಮೊಮ್ಮಗಳಿಗೆ ಚಳಿಯಂತೆ ಅಂತ ಅವ್ವ ಖುಷಿಪಟ್ಟಿದ್ದಳು.

ಮಠದ ಕಾರ್ಯದರ್ಶಿ ಮೋಹನ್ ಕುಮಾರ್ ಕಾರಿನಲ್ಲಿ ಬಂದಿದ್ದರು. ಒಳಗೆ ಕರೆದೆ, ಬರಲಿಲ್ಲ. ಬೀದಿಯಲ್ಲೇ ನಿಂತು, ನಾಲ್ಕು ಜನ ಕೇಳುವ ಹಾಗೆ ಹೇಳಿದರು: "ನಿಮ್ಮ ಮಗಳು ನಮ್ಮ ಸ್ವಾಮಿಗಳನ್ನ, ಬುದ್ಧಿಯವ್ರನ್ನ ಕೋಡಂಗಿ ಮಾಡವ್ರೆ. ಅವ್ರು ಬಂದು ಪಾದಕ್ಕೆ ಬಿದ್ದು ತಪ್ಪಾಯ್ತು ಅನ್ನೋಗಂಟ ನಿಮ್ಮನೆ ಮಠದಿಂದ ಹೊರಗೆ."

ಹೊರಗೆ ಅಂದರೆ ಏನು ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ. ಹುಟ್ಟು ಸಾವಿನ ಶಾಸ್ತ್ರ ಮಾಡಿಸುವ ಅಯ್ಯನೋರು ಯಾರೂ ನಮ್ಮ ಹೊಸಿಲು ತುಳಿಯುವಂತಿಲ್ಲ. ಮಠದ ರುದ್ರಭೂಮಿಯಲ್ಲಿ ನಮಗೆ ಜಾಗವಿಲ್ಲ. ಇದು ಬೇರೆ ಕಾಲದಲ್ಲಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವ್ವನಿಗೆ ಉಸಿರಾಟ ತೀರಾ ಕಷ್ಟವಾಗಿದೆ. ಪಾವಗಡದ ಡಾಕ್ಟರು ನೋಡಿ, ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಅಂದರು. ಆ ಮಾತಿನ ಅರ್ಥ ನನಗೂ ಆಯಿತು, ಅವ್ವನಿಗೂ ಆಯಿತು.

ಒಂದು ಸಲ ಬಂದು ಬಿದ್ದು ಹೋಗು ತಾಯಿ. ಬಿದ್ದರೆ ಹಣೆಯೇನೂ ಸವೆಯುವುದಿಲ್ಲ.

ನಿನ್ನ ಅಪ್ಪ,
ಶಂಕರಲಿಂಗಪ್ಪ


ಮಧುಗಿರಿ
4 ಫೆಬ್ರವರಿ 2024

ಅಪ್ಪನಿಗೆ ನಮಸ್ಕಾರ.

ಶಾಲಿನ ವಿಷಯ ಮೊದಲು. ನಾಟಕಕ್ಕೆ ನಿಲುವಂಗಿ ಬೇಕಿತ್ತು. ಬಾಡಿಗೆ ಅಂಗಡಿಯಲ್ಲಿ ಸಿಕ್ಕಿದ್ದು ಕ್ರಿಸ್‌ಮಸ್ ತಾತನ ಕೆಂಪು ಅಂಗಿ, ಅದೂ ಹತ್ತಿಯ ಗಡ್ಡದ ಸಮೇತ. ಆಗ ಅಜ್ಜಿಯ ಶಾಲು ನೆನಪಾಯಿತು. ನಂದಿಯ ಅಂಚು ಒಳಕ್ಕೆ ಮಡಿಸಿ ಪಿನ್ ಹಾಕಿದ್ದೆ, ಕುಣಿಯುವಾಗ ಬಿಚ್ಚಿಕೊಂಡಿದೆ. ಬಾಳೆಹಣ್ಣು ನನ್ನದಲ್ಲ, ಮಧುಶ್ರೀ ಅನ್ನುವ ಹುಡುಗಿಗೆ ರಂಗದ ಮೇಲೆ ಹಸಿವಾಯಿತಂತೆ. ಅಜ್ಜಿಗೆ ಹೇಳದೆ ಹಾಗೆ ಬಳಸಿದ್ದು ತಪ್ಪು. ಅದಕ್ಕೆ ಅಜ್ಜಿಯ ಕಾಲಿಗೆ ಬೀಳುತ್ತೇನೆ.

ಮಠದ ಕಾಲಿಗೆ ಯಾಕೆ ಬೀಳಬೇಕು? ನಾನು ಆಡಿಸಿದ್ದು ಮಠದ ಕಥೆಯಲ್ಲ, ನಮ್ಮ ಪಾಠದ ಕಥೆ. ಮಧ್ಯಯುಗದ ಯುರೋಪು, ಊಳಿಗಮಾನ್ಯ ಪದ್ಧತಿ. ಅಲ್ಲಿ ಭೂಮಿ ಉಳುವವನದಲ್ಲ, ಒಡೆಯನದು. ಉಳುವವನು ವಾರದಲ್ಲಿ ಕೆಲವು ದಿನ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯಬೇಕು. ಬೆಳೆದದ್ದರಲ್ಲಿ ಹತ್ತರಲ್ಲೊಂದು ಪಾಲು ಚರ್ಚಿಗೆ. ಎಷ್ಟೋ ಕಡೆ ಚರ್ಚೇ ಒಡೆಯ. ಎದುರು ನಿಂತವನಿಗೆ ಕತ್ತಿ ತೋರಿಸಬೇಕಿಲ್ಲ, ಹೊರಗೆ ಹಾಕಿದರೆ ಸಾಕು. ಹೊರಗಾದವನಿಗೆ ಮದುವೆಯಿಲ್ಲ, ಮಂತ್ರವಿಲ್ಲ, ಮಣ್ಣಿಲ್ಲ. ಹೆನ್ರಿ ಅನ್ನುವ ದೊಡ್ಡ ರಾಜನೇ ಹಾಗೆ ಹೊರಗಾಗಿ, ಕನೋಸಾ ಅನ್ನುವ ಕೋಟೆಯ ಬಾಗಿಲಲ್ಲಿ ಪೋಪ್ ಗುರುವಿಗಾಗಿ ಹಿಮದಲ್ಲಿ ಕಾದು ನಿಂತ. ಇಷ್ಟೇ ನಾಟಕ.

ಪಾಠ ಮುಗಿದ ದಿನ ಹಿಂದಿನ ಬೆಂಚಿನಿಂದ ಒಬ್ಬಳು, "ಮಿಸ್, ಅವ್ರೆಲ್ಲಾ ಸೇರಿ ಜಮೀನು ನಮ್ದು ಅಂತ ಯಾಕೆ ಕೇಳ್ಲಿಲ್ಲ?" ಅಂದಳು. ನನಗೆ ತಾತ ನೆನಪಾದರು. ಉಳುವವನಿಗೆ ಭೂಮಿ ಅಂತ ಕಾನೂನು ಬಂದಾಗ ಊರಲ್ಲಿ ಬೇರೆಯವರೆಲ್ಲ ಅರ್ಜಿ ಹಾಕಿದರು. ತಾತ ಮಾತ್ರ, "ಗುರುವಿನ ಮ್ಯಾಲೆ ಅರ್ಜಿ ಹಾಕೋದಾ? ನಾಲ್ಗೆ ಬಿದ್ದೋಗುತ್ತೆ" ಅಂದರಂತೆ. ಅದಕ್ಕೇ ನೀವು ಈಗಲೂ ಮಠದ ಹೊಲ ಉಳುತ್ತಿದ್ದೀರಿ, ಸುಗ್ಗಿಯಲ್ಲಿ ಮಠದ ಕಣದಲ್ಲಿ ಪುಕ್ಕಟೆ ದುಡಿಯುತ್ತಿದ್ದೀರಿ. ಅಲ್ಲಿಯವರು ಅದನ್ನು ಬಿಟ್ಟಿ ಅಂದರು, ನಾವು ಸೇವೆ ಅನ್ನುತ್ತೇವೆ.

ಸಿಟ್ಟು ಮಾಡಿಕೊಳ್ಳಬೇಡಿ. ಬರುವುದಿಲ್ಲ ಅಂತ ಹೇಳಲು ಇಷ್ಟು ಉದ್ದ ಬರೆಯಬೇಕಾಯಿತು.

ಯಶು


ನಿಡುಗಲ್
13 ಫೆಬ್ರವರಿ 2024

ಯಶುಗೆ,

ನಿನ್ನ ಪಾಠ ಓದಿದೆ. ಚೆನ್ನಾಗಿ ಬರೆದಿದ್ದೀಯ. ಬುದ್ಧಿ ನಿನಗೆ ಬಂತು, ಬರೆ ನಮಗೆ ಬಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ.

ತೊಗರಿ ಬಡಿಯಲು ಆಳು ಕರೆದರೆ ಒಬ್ಬರೂ ಬರಲಿಲ್ಲ, ಒಬ್ಬನೇ ಬಡಿಯುತ್ತಿದ್ದೇನೆ. ಗಿರಣಿಗೆ ರಾಗಿ ತೆಗೆದುಕೊಂಡು ಹೋದರೆ ಕರೆಂಟಿಲ್ಲ ಅಂದ. ಅವನ ಬೆನ್ನ ಹಿಂದೆ ಮಿಷನ್ ಓಡುತ್ತಲೇ ಇತ್ತು. ಇಬ್ಬರೂ ಅದರ ಸದ್ದು ಕೇಳಿಸದವರ ಹಾಗೆ ಒಂದು ಗಳಿಗೆ ನಿಂತಿದ್ದೆವು. ಆಶಾ ಕಾರ್ಯಕರ್ತೆ ಗಂಗಲಕ್ಷ್ಮಿ ಒಬ್ಬಳೇ ಧೈರ್ಯವಾಗಿ ಬಂದು ಅವ್ವನನ್ನು ನೋಡುತ್ತಾಳೆ. ಅವಳ ಮನೆಯವರು ಮಠದ ಒಕ್ಕಲಲ್ಲ, ಹಂಗಿಲ್ಲ. ಅವಳ ಗಂಡ ಮುತ್ತುರಾಜು ರಾಗಿಯನ್ನು ತನ್ನದು ಅಂತ ಹೇಳಿ ಬೀಸಿಸಿ ತಂದುಕೊಟ್ಟ.

ಇವೆಲ್ಲ ನನಗೆ ದೊಡ್ಡದಲ್ಲ. ಅವ್ವನದು ಮಾತ್ರ ನೋಡಲು ಆಗುತ್ತಿಲ್ಲ. ನಿನ್ನ ಅಮ್ಮ ಹೋದಾಗ ನೀನು ಚಿಕ್ಕವಳು, ನಿನಗೆ ನೆನಪಿರಲಿಕ್ಕಿಲ್ಲ. ನಮ್ಮಲ್ಲಿ ಸತ್ತವರನ್ನು ಗುಂಡಿಯಲ್ಲಿ ಕೂರಿಸಿ ಮಣ್ಣು ಮಾಡುವುದು. ಮಣ್ಣು ಬೀಳುವ ಮೊದಲು ಅಯ್ಯನೋರು ಬಲಪಾದವನ್ನು ಅವರ ತಲೆಯ ಮೇಲೆ ಇಡಬೇಕು. ಅದು ಗುರುವಿನ ಪಾದ, ಶಿವನ ಪಾದ. ಅಲ್ಲಿಗೆ ಜೀವ ದಾರಿ ಸೇರಿತು ಅಂತ. ಅವತ್ತು ಪರ್ವತಯ್ಯನೋರು ನಿನ್ನ ಅಮ್ಮನಿಗೆ ಪಾದ ಇಟ್ಟರು ಅಂತ ಕೇಳಿದ ಮೇಲೆಯೇ ಅವ್ವ ಅಳು ನಿಲ್ಲಿಸಿದ್ದು.

ಈಗ ಪರ್ವತಯ್ಯನೋರು ನಮ್ಮ ಬೀದಿಯಲ್ಲಿ ನೆಲ ನೋಡಿಕೊಂಡು ನಡೆಯುತ್ತಾರೆ. ಕೋಲಿನ ಸದ್ದಿಗೆ ಅವ್ವ ಎದ್ದು ಕೂರುತ್ತಾಳೆ. "ಅಯ್ನೋರು ಬಂದ್ರಾ?" ಅನ್ನುತ್ತಾಳೆ. ಸದ್ದು ದಾಟಿ ಹೋಗುತ್ತದೆ. ನನ್ನ ಮುಖ ನೋಡುತ್ತಾಳೆ. ನಾನು ದನ ನೋಡುವ ನೆಪದಲ್ಲಿ ಆಚೆ ಬರುತ್ತೇನೆ.

ಆ ರಾಜ ಆಮೇಲೆ ಏನಾದ? ನಾಟಕದಲ್ಲಿ ಅಷ್ಟಕ್ಕೇ ಪರದೆ ಬಿತ್ತು.

ಅಪ್ಪ


ಮಧುಗಿರಿ
20 ಫೆಬ್ರವರಿ 2024

ಅಪ್ಪಾ,

ಭಾನುವಾರ ಕೊಳಾಲದ ಕಡೆ ಹೋಗಿದ್ದೆ. ಅಲ್ಲೊಬ್ಬ ಅಯ್ಯನೋರು ಇದ್ದಾರೆ, ಯಾರ ಮುಲಾಜಿಗೂ ಬೀಳುವವರಲ್ಲ ಅಂತ ಸಹೋದ್ಯೋಗಿಯೊಬ್ಬರು ಹೇಳಿದ್ದರು. ಕೂರಿಸಿ ಕಾಫಿ ಕೊಟ್ಟರು. ಹೊತ್ತು ಬಂದಾಗ ಒಂದು ಫೋನ್ ಮಾಡಿ ಸಾಕು, ಎಲ್ಲಿದ್ದರೂ ಬರುತ್ತೇನೆ ಅಂದರು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಬಾಗಿಲ ತನಕ ಬಂದು, "ನಿಮ್ದು ಯಾವ ಮಠದ ಕಡೆಯೋರಮ್ಮ?" ಅಂದರು. ಹೇಳಿದೆ. ಅವರು ಚಪ್ಪಲಿ ಹುಡುಕುವವರ ಹಾಗೆ ಕೆಳಗೆ ನೋಡಿದರು. ಸಿರಾದಲ್ಲೂ ಇಬ್ಬರನ್ನು ಕೇಳಿದೆ. ಒಬ್ಬರು, ಒಂದು ಮಠ ಹೊರಗೆ ಹಾಕಿದವರನ್ನು ಇನ್ನೊಂದು ಮಠ ಮುಟ್ಟುವುದಿಲ್ಲ ಅಂದರು. ಇನ್ನೊಬ್ಬರು ಫೋನ್ ಇಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಎಷ್ಟು ನಿಜ.

ಇಲ್ಲೂ ಹೆಡ್‌ಮಾಸ್ಟರು ಬಾಯಿಬಿಟ್ಟು ಏನೂ ಅಂದಿಲ್ಲ. ನನ್ನ ಎಂಟನೇ ತರಗತಿಯ ಇತಿಹಾಸವನ್ನು ಬೇರೆಯವರಿಗೆ ಕೊಟ್ಟಿದ್ದಾರೆ, ಅಷ್ಟೇ.

ಪಾದ ಬೀಳದಿದ್ದರೆ ಏನಾಗುತ್ತದೆ ಅಪ್ಪಾ? ಒಬ್ಬ ಮುದುಕಿ ತನ್ನ ಹತ್ತಿರ ಬಂದಳೋ ಇಲ್ಲವೋ ಅಂತ ಶಿವನಿಗೆ ಕಾರ್ಯದರ್ಶಿ ಹೇಳಬೇಕೇ? ಇದನ್ನು ಅಜ್ಜಿಗೆ ಸಮಾಧಾನವಾಗಿ ತಿಳಿಸಿ. ನೀವು ಹೇಳಿದರೆ ಕೇಳುತ್ತಾಳೆ.

ರಾಜನ ಕಥೆ ಇನ್ನೊಮ್ಮೆ ಬರೆಯುತ್ತೇನೆ.

ಯಶು


ನಿಡುಗಲ್
1 ಮಾರ್ಚ್ 2024

ಯಶೂ,

ನಾನು ಕಣಮ್ಮ, ನಿಮ್ಮಜ್ಜಿ ಜಗದಾಂಬ. ಗಂಗಲಕ್ಷ್ಮಿ ಕೈಲಿ ಬರುಸ್ತಾ ಇವ್ನಿ. ನಾನು ಅಂದಿದ್ದು ಅಂದಂಗೇ ಬರಿ, ಚೆಂದ ಮಾಡಬ್ಯಾಡ ಅಂದಿವ್ನಿ. ನಿಮ್ಮಪ್ಪ ಹೊಲಕ್ಕೋಗವ್ನೆ, ಅವ್ನಿಗೆ ಗೊತ್ತಿಲ್ಲ.

ಶಾಲಿಂದು ನಂಗೆ ಕ್ವಾಪ ಇಲ್ಲ. ಮಕ್ಳು ಆಡ್ಲಿ ಬುಡು. ಆ ಮೊಬೈಲ್ನಾಗೆ ನಾನೂ ನೋಡ್ದೆ, ಆ ಬಾಳೆಹಣ್ಣು ತಿನ್ನೋ ಹುಡ್ಗಿ ನೋಡಿ ನಂಗೂ ನಗ ಬಂತು. ನಕ್ಕಿದ್ಕೇ ಇಂಗಾಯ್ತೋ ಏನೋ.

ನಿಮ್ಮಪ್ಪ ಹೇಳ್ತಾನೆ, ಅವ್ವ, ಪಾದ ಇಲ್ದಿದ್ರೂ ಶಿವ ಕರ್ಕಂತಾನೆ ಅಂತ. ಅದು ನೀನು ಹೇಳ್ಕೊಟ್ಟಿದ್ದು, ನಂಗೊತ್ತು. ಅವ್ನು ಹೇಳೋವಾಗ ಅವ್ನಿಗೇ ನಂಬ್ಕೆ ಇರ್ಲಿಲ್ಲ. ನೀನು ಓದಿದೋಳು, ನಿಂಗೆ ಭಯ ಇಲ್ಲ. ನಂಗೆ ಭಯ ಕಣಮ್ಮ. ಕಣ್ಮುಚ್ಚಿದ್ರೆ ನಿಮ್ತಾತ, ನಿಮ್ಮಮ್ಮ ಎಲ್ಲಾ ಒಳೀಕೆ ಕುಂತವ್ರೆ, ನಾನು ಬಾಗ್ಲಾಚೆ ನಿಂತಿವ್ನಿ. ಕೂಗಿದ್ರೆ ಯಾರೂ ತಿರುಗ್ನೋಡಲ್ಲ.

ಬೇರೆ ಅಜ್ಜಿ ಆಗಿದ್ರೆ, ಬಗ್ಗಬ್ಯಾಡ ಮಗ ಅಂದಿರೋಳೇನೋ. ನನ್ ಕೈಲಾಗಲ್ಲ. ನಂಗೋಸ್ಕರ ಬಂದು ಬಿದ್ಬುಡು. ಆಮ್ಯಾಕೆ ನೀನು ಯಾರಿಗೂ ಬೀಳಬ್ಯಾಡ.

ಹೆಬ್ಬೆಟ್ಟು ಒತ್ತಿವ್ನಿ,
ಜಗದಾಂಬ

(ಅಕ್ಕ, ಇದನ್ನ ಬರೆಸಿ ಅಜ್ಜಿ ಗೋಡೆ ಕಡೆ ತಿರುಗಿ ಮಲಗಿದರು. ಊಟ ಬಿಟ್ಟಿದ್ದಾರೆ. ಗಂಗಲಕ್ಷ್ಮಿ.)


ಮಧುಗಿರಿ
10 ಮಾರ್ಚ್ 2024

ಅಪ್ಪಾ,

ಶಿವರಾತ್ರಿಯ ಮಾರನೆಯ ದಿನ ಮಠಕ್ಕೆ ಹೋಗಿದ್ದೆ. ಬಿದ್ದೆ. ನಿಮಗೆ ವಿಡಿಯೋ ತಲುಪಿರುತ್ತದೆ, ಮೋಹನ್ ಕುಮಾರ್ ಎರಡು ಕಡೆಯಿಂದ ತೆಗೆಸಿದರು. ಮನೆಗೆ ಬರಲಿಲ್ಲ. ನಿಮ್ಮ ಮುಖ ನೋಡುವ ಧೈರ್ಯ ಇರಲಿಲ್ಲ, ಅಜ್ಜಿಯ ಖುಷಿ ನೋಡುವ ಶಕ್ತಿಯೂ ಇರಲಿಲ್ಲ.

ಬೆಳಿಗ್ಗೆ ಹೋದವಳನ್ನು ಹೊರಗಿನ ಹಾಸುಗಲ್ಲಿನ ಮೇಲೆ ನಿಲ್ಲಿಸಿದರು. ಚಪ್ಪಲಿ ಗೇಟಿನಲ್ಲೇ ಬಿಡಿಸಿದ್ದರು. ನಮ್ಮ ಕಡೆ ಹಿಮವಿಲ್ಲ, ಅದಕ್ಕೆ ಬಿಸಿಲಿದೆ. ಪೂಜೆ ಮುಗಿಯಲಿ ಅಂದರು, ಪ್ರಸಾದ ಮುಗಿಯಲಿ ಅಂದರು, ಬುದ್ಧಿಯವರು ಮಲಗಿದ್ದಾರೆ ಅಂದರು. ಶಾಲೆಯಲ್ಲಿ ರಾಜನ ಪಾತ್ರದವನಿಗೆ ಕಾಲು ಬದಲಿಸುತ್ತಾ ನಿಲ್ಲಬೇಡವೋ ಅಂತ ನಾನೇ ಗದರಿದ್ದೆ. ಅದು ಬದಲಿಸದೆ ನಿಲ್ಲಲು ಆಗುವ ಜಾಗವಲ್ಲ ಅಂತ ಗೊತ್ತಾಯಿತು.

ಒಳಗೆ ಕರೆದಾಗ ಸಂಜೆಯಾಗಿತ್ತು. ಬುದ್ಧಿಯವರು ನನಗಿಂತ ಚಿಕ್ಕವರು ಅಪ್ಪಾ, ಮೆದು ಮಾತಿನವರು. ನಾನು ಬಿದ್ದೆ. ತಪ್ಪಾಯಿತು ಅಂದೆ. ಅವರು ಕಾರ್ಯದರ್ಶಿಯ ಕಡೆ ತಿರುಗಿ, "ಯಾರಿವರು? ಏನು ವಿಷಯ?" ಅಂತ ಕೇಳಿದರು. ಅವರಿಗೆ ಏನೂ ಗೊತ್ತಿರಲಿಲ್ಲ, ಅಥವಾ ನೆನಪಿರಲಿಲ್ಲ. ಯಾವುದು ಹೆಚ್ಚು ಅವಮಾನ ಅಂತ ಈಗಲೂ ತಿಳಿಯುತ್ತಿಲ್ಲ.

ಕಾಮನ ಹುಣ್ಣಿಮೆಯ ಸಭೆಯಲ್ಲಿ ನಮ್ಮ ಮನೆಯನ್ನು ಮತ್ತೆ ಸೇರಿಸಿಕೊಂಡಿದ್ದೇವೆ ಅಂತ ಸಾರುತ್ತಾರಂತೆ. ಅಜ್ಜಿ ಅಲ್ಲಿಯ ತನಕ ಇರದೆ ಹೋದರೆ ಅಂತ ಕೇಳಿದೆ. "ಪದ್ಧತಿ ಅಂತ ಒಂದದಲ್ಲಮ್ಮ" ಅಂದರು ಮೋಹನ್ ಕುಮಾರ್. ಹುಣ್ಣಿಮೆ ಹತ್ತಿರವೇ ಇದೆ. ಅಜ್ಜಿಗೆ ಇದನ್ನು ಮಾತ್ರ ಹೇಳಿ: ಆಯಿತು, ಅಯ್ಯನೋರು ಬರುತ್ತಾರೆ.

ನೀವು ಆ ರಾಜನ ಕಥೆ ಕೇಳಿದ್ದಿರಿ, ನಾನು ತಪ್ಪಿಸಿಕೊಂಡಿದ್ದೆ. ಕ್ಷಮೆ ಸಿಕ್ಕಿತು. ಆಮೇಲೆ ಮತ್ತೆ ಜಗಳ, ಮತ್ತೆ ಹೊರಗೆ. ಹೊರಗಿದ್ದಾಗಲೇ ಸತ್ತ. ಚರ್ಚಿನವರು ಹೂಳಿದವರಿಂದಲೇ ಹೆಣ ಅಗೆದು ತೆಗೆಸಿದರು. ವರ್ಷಗಟ್ಟಲೆ ಅದು ಪೂಜೆಯಿಲ್ಲದ ಒಂದು ಗುಡಿಯಲ್ಲಿ ಕಾಯಬೇಕಾಯಿತು. ಇದನ್ನು ಮಕ್ಕಳಿಗೂ ನಾನು ಹೇಳಿರಲಿಲ್ಲ.

ಯಶು


ಮಧುಗಿರಿ
24 ಮಾರ್ಚ್ 2024

ಅಪ್ಪಾ,

ನಿನ್ನೆ ಬಂದು ತಲುಪಿದೆ. ಬಸ್ಸಿನಲ್ಲಿ ಕೂತಾಗ ನಿಮ್ಮ ಜೊತೆ ನಾಲ್ಕು ಮಾತೂ ಆಡಲಿಲ್ಲವಲ್ಲ ಅನಿಸಿತು. ನೀವೂ ನನ್ನ ಕಣ್ಣು ತಪ್ಪಿಸುತ್ತಿದ್ದಿರಿ. ಆ ವಿಡಿಯೋ ಕಾರಣ ಅಂದುಕೊಂಡು ನಾನೂ ಸುಮ್ಮನಿದ್ದೆ.

ಹುಣ್ಣಿಮೆಗೆ ಒಂದು ವಾರ ಉಳಿದಿತ್ತು. ಅಜ್ಜಿ ಕಾಯಲಿಲ್ಲ. ಮಠದ ರುದ್ರಭೂಮಿ ಸಿಗದೆ ನೀವು ಉಳುವ ಹೊಲದಲ್ಲೇ ಇಡಬೇಕಾಯಿತು. ಹೆಂಗಸರು ಹೊಲದ ತನಕ ಬರುವಂತಿಲ್ಲ ಅಂತ ನಾನು ಮನೆಯಲ್ಲೇ ಉಳಿದೆ. ನೀವೆಲ್ಲ ಮಣ್ಣು ಮಾಡಿ ಬಂದಾಗ ಮುತ್ತುರಾಜಣ್ಣನನ್ನು ಕೇಳಿದೆ. "ಎಲ್ಲಾ ಆಯ್ತು ಕಣಮ್ಮ, ಅಯ್ನೋರು ಬಂದಿದ್ರು" ಅಂದ. ಅಪ್ಪಣೆ ಇಲ್ಲದಿದ್ದರೂ ಪರ್ವತಯ್ಯನೋರು ಬಂದರಲ್ಲ. ಆ ಒಂದು ಮಾತು ಹಿಡಿದುಕೊಂಡು ನಾನು ನಿದ್ದೆ ಮಾಡುತ್ತಿದ್ದೇನೆ. ನಾನು ಬಿದ್ದದ್ದಕ್ಕೆ ಅಷ್ಟಾದರೂ ಫಲ ಸಿಕ್ಕಿತು.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಯಶು


ನಿಡುಗಲ್
2 ಏಪ್ರಿಲ್ 2024

ಯಶು,

ನಿನ್ನ ನಿದ್ದೆ ಕೆಡಿಸುತ್ತಿದ್ದೇನೆ. ಊರಿನವರ ಬಾಯಿಂದ ನಿನಗೆ ತಲುಪುವ ಮೊದಲು ನಾನೇ ಹೇಳಬೇಕು.

ಮುತ್ತುರಾಜು ಸುಳ್ಳು ಹೇಳಲಿಲ್ಲ. ಪರ್ವತಯ್ಯನೋರು ಬಂದಿದ್ದರು. ಬಂದು ಬದುವಿನ ಹುಣಸೆಮರದ ಕೆಳಗೆ ನಿಂತರು, ಅಲ್ಲಿಂದ ಈಚೆಗೆ ಬರಲಿಲ್ಲ. ಅವ್ವನನ್ನು ಇಳಿಸಿ, ಕೂರಿಸಿ, ವಿಭೂತಿ ಹಚ್ಚಿ ಆಗಿತ್ತು. ನಾನು ಮರದ ಹತ್ತಿರ ಹೋಗಿ ಕೈ ಮುಗಿದೆ. "ಬನ್ನಿ ಅಯ್ನೋರೆ, ನಿಮ್ಮ ಜೊತೆ ಆಡಿ ಬೆಳೆದೋಳು" ಅಂದೆ. ಅವರ ಗಡ್ಡವೆಲ್ಲ ಒದ್ದೆಯಾಗಿತ್ತು. "ಅಪ್ಪಣೆ ಇಲ್ಲ ಕಣಪ್ಪ ಶಂಕರಲಿಂಗ. ಇಟ್ರೆ ನನ್ ಮಕ್ಳು ಮೊಮ್ಮಕ್ಳೆಲ್ಲಾ ಹೊರ್ಗಾಗ್ತಾರೆ" ಅಂದರು. ಅವರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೂ ಅಲ್ಲೇ ನಿಲ್ಲುತ್ತಿದ್ದೆ.

ವಾಪಸ್ಸು ಬಂದು ಗುಂಡಿಯ ಅಂಚಿನಲ್ಲಿ ನಿಂತೆ. ಅವ್ವ ಹಿಂದಿನ ದಿನವೂ ಕೇಳಿದ್ದಳು, "ಅಯ್ನೋರು ಬತ್ತಾರಲ್ವಾ?" ಅಂತ. "ಬತ್ತಾರೆ, ಯಶು ಹೋಗಿ ಬಿದ್ದು ಬಂದವ್ಳೆ" ಅಂದಿದ್ದೆ. ಆ ಮಾತು ಕೇಳಿ ಗಂಜಿ ಕುಡಿದಿದ್ದಳು. ಅವಳನ್ನು ಹಾಗೇ ಮುಚ್ಚಲು ನನ್ನಿಂದ ಆಗಲಿಲ್ಲ.

ನಾನು ಕೆಳಗಿಳಿದೆ. ಬಲಗಾಲು ತೊಳೆದುಕೊಂಡೆ, ವಿಭೂತಿ ಹಚ್ಚಿಕೊಂಡೆ. ಚಿಕ್ಕವನಾಗಿದ್ದಾಗ ಮಲಗಿದ್ದ ಅವ್ವನನ್ನು ದಾಟಿದ್ದಕ್ಕೆ ಅಪ್ಪ ನನಗೆ ಬಾರುಕೋಲಲ್ಲಿ ಹೊಡೆದಿದ್ದ. ಆ ಕಾಲನ್ನೇ ಎತ್ತಿ ನನ್ನ ಹೆತ್ತವಳ ತಲೆಯ ಮೇಲೆ ಇಟ್ಟೆ. ಭಾರ ಬಿಡಲಿಲ್ಲ, ಸುಮ್ಮನೆ ತಾಕಿಸಿದೆ. ಬಿಸಿಲಿಗೆ ತಲೆ ಬೆಚ್ಚಗಿತ್ತು, ಬದುಕಿರುವವರ ಹಾಗೆ. ಮುತ್ತುರಾಜು ಮುಖ ತಿರುಗಿಸಿಕೊಂಡ. ಮರದ ಕೆಳಗಿನಿಂದ ಪರ್ವತಯ್ಯನೋರು ಗಟ್ಟಿಯಾಗಿ ಮಂತ್ರ ಹೇಳಲು ಶುರುಮಾಡಿದರು. ಅಪ್ಪಣೆ ಕಾಲಿಗೆ ಮಾತ್ರ ಇರಲಿಲ್ಲವೇನೋ. ಅವರು ನಿಲ್ಲಿಸುವ ತನಕ ನಾನು ಕಾಲು ತೆಗೆಯಲಿಲ್ಲ.

ಮಾಡಿದ್ದು ಸರಿಯೋ ಪಾಪವೋ ನನಗೆ ಗೊತ್ತಿಲ್ಲ. ಅಂದಿನಿಂದ ಆ ಕಾಲು ನನ್ನದಲ್ಲ ಅನ್ನಿಸುತ್ತಿದೆ. ಚಪ್ಪಲಿ ಮೆಟ್ಟುವಾಗ ಒಂದು ಗಳಿಗೆ ನಿಲ್ಲುತ್ತೇನೆ.

ಹುಣ್ಣಿಮೆ ಕಳೆದ ಮಾರನೆಯ ದಿನ ಮೋಹನ್ ಕುಮಾರ್ ಬಂದರು. ಈ ಸಲ ಒಳಗೆ ಬಂದು ಚಾಪೆಯ ಮೇಲೆ ಕೂತು, ನೀರು ಕುಡಿದರು. ಸಭೆಯಲ್ಲಿ ಸಾರಿದ್ದಾಯಿತು, ನೀವು ಮತ್ತೆ ಮಠದವರು ಅಂದರು. ಆಮೇಲೆ ನಿಧಾನವಾಗಿ ವಿಷಯಕ್ಕೆ ಬಂದರು. "ಅಜ್ಜೀನ ಹೊಲದಾಗೆ ಇಟ್ಟಿದ್ದು ಸರಿಯಲ್ಲ. ಮಠದ ಜಮೀನದು. ಗದ್ದಿಗೆ ಕಟ್ಟಿದ್ರೆ ನಾಳೆ ಹೊಲಾನೂ ನಮ್ದು ಅಂತೀರಿ. ಈಗ ಅಪ್ಪಣೆ ಆಗದೆ. ತೆಗ್ಸಿ, ರುದ್ರಭೂಮಿನಾಗೆ ಇಡನ. ಅಯ್ನೋರೇ ಬಂದು ಶಾಸ್ತ್ರವಾಗಿ ಪಾದ ಇಡ್ತಾರೆ."

ರುದ್ರಭೂಮಿಯಲ್ಲಿ ನನ್ನ ಅಪ್ಪನ ಪಕ್ಕದ ಜಾಗ, ಅಯ್ಯನೋರ ಪಾದ, ಅವ್ವ ಕೇಳಿದ್ದೆಲ್ಲ ಅವರ ಕೈಯಲ್ಲಿತ್ತು. ಹೂಂ ಅಂದರೆ ಸಾಕಿತ್ತು. ಹುಟ್ಟಿದಾಗಿನಿಂದ ನಾನು ಆ ಮಠಕ್ಕೆ ಹೂಂ ಅಂದವನೇ. ಆದರೆ ಅವಳನ್ನು ಅಗೆದು ತೆಗೆಯುವುದು ಕಣ್ಣಿಗೆ ಕಟ್ಟಿತು.

"ಬ್ಯಾಡ ಸ್ವಾಮಿ. ಪಾದ ಇಟ್ಟಾಗದೆ" ಅಂದೆ.

"ಯಾರಿಟ್ರು?" ಅಂದರು. ಪರ್ವತಯ್ಯನೋರ ಹೆಸರು ಹೇಳುತ್ತೇನೆ ಅಂತ ಕಾಯುತ್ತಿದ್ದರು.

"ನಾನೇ" ಅಂದೆ.

ಅವರು ಚಾಪೆಯಿಂದ ಎದ್ದ ರೀತಿ ನೀನು ನೋಡಬೇಕಿತ್ತು. ಹೆತ್ತ ತಾಯಿಯ ತಲೆ ತುಳಿದವನು, ಅಯ್ಯನಲ್ಲದೆ ಪಾದ ಇಟ್ಟವನು ಅಂತ ಊರೆಲ್ಲ ಸುದ್ದಿಯಾಗಿದೆ. ನಿನ್ನೆ ಮತ್ತೆ ಹೊರಗೆ ಹಾಕಿದರು. ಹೊಲವನ್ನೂ ಬಿಡಬೇಕಂತೆ, ಬರುವ ಮಳೆಗಾಲಕ್ಕೆ ಬೇರೆಯವರು ಉಳುತ್ತಾರಂತೆ. ಹೊಲದಲ್ಲಿ ಅವ್ವ ಇದ್ದಾಳೆ, ಉಳುವವರು ನೇಗಿಲು ಸುತ್ತು ಹಾಕಲಿ ಅಂತ ಮುತ್ತುರಾಜು ಕಲ್ಲು ನೆಟ್ಟಿದ್ದಾನೆ.

ನಾನು ಬಂದು ಬಿದ್ದರೆ ಅಥವಾ ನನ್ನ ಪರವಾಗಿ ನೀನು ಬಂದು ಬಿದ್ದರೆ ಯೋಚಿಸುತ್ತಾರಂತೆ. ನಿನಗೂ ಹೇಳಿ ಕಳುಹಿಸುತ್ತಾರೆ. ನಿಮ್ಮಪ್ಪನಿಗೆ ವಯಸ್ಸಾಗಿದೆ, ನಾಳೆ ಅವನಿಗೂ ಅಯ್ಯನೋರು ಬೇಕಲ್ಲ ಅನ್ನುತ್ತಾರೆ.

ಈ ಸಲ ಬರಬೇಡ ಮಗಳೇ.

ನಿನ್ನ ಅಪ್ಪ,
ಶಂಕರಲಿಂಗಪ್ಪ